ಮೇಜರ್ ಜನರಲ್ ಖಂಡೂರಿ: ಸೇನೆಯ ಶಿಸ್ತು ರಾಜಕೀಯದಲ್ಲಿ ಎಲ್ಲಿವರೆಗೆ ಕೆಲಸಕ್ಕೆ ಬಂತು?

ಹೆದ್ದಾರಿ ಹುಚ್ಚ
ಬೆಂಗಳೂರಿನಿಂದ ಬೆಳಗಾವಿವರೆಗಿನ ರಸ್ತೆ ಚತುಷ್ಪಥ ಆದದ್ದು ವಾಜಪೇಯಿ ಕಾಲದ ಯೋಜನೆಯಲ್ಲಿ ಅಂತ ಎಲ್ಲರೂ ಹೇಳ್ತಾರೆ. ಆದರೆ ಆಗ ಹೆದ್ದಾರಿ ಖಾತೆ ಯಾರ ಕೈಲಿತ್ತು ಅಂದ್ರೆ ಬಹಳ ಜನಕ್ಕೆ ಹೆಸರು ನೆನಪಾಗಲ್ಲ. ಮೇಜರ್ ಜನರಲ್ ಭುವನ್ ಚಂದ್ರ ಖಂಡೂರಿ, ಎ.ವಿ.ಎಸ್.ಎಂ. (ಅತಿ ವಿಶಿಷ್ಟ ಸೇವಾ ಪದಕ). ಸೇನೆಯ ಎಂಜಿನಿಯರ್, ಆಮೇಲೆ ಸಂಸದ, ಕೇಂದ್ರ ಸಚಿವ, ಎರಡು ಸಲ ಉತ್ತರಾಖಂಡದ ಮುಖ್ಯಮಂತ್ರಿ.

ನನ್ನ ಪ್ರಶ್ನೆ ಇಷ್ಟೇ. ದೆಹಲಿ, ಮುಂಬೈ, ಚೆನ್ನೈ, ಕೋಲ್ಕತ್ತ ಜೋಡಿಸುವ ಆ ಹೆದ್ದಾರಿ ಯೋಜನೆ, ಸುವರ್ಣ ಚತುಷ್ಕೋನದ ಶ್ರೇಯಸ್ಸು ಇವರಿಗೆ ಎಷ್ಟು ಸಲ್ಲಬೇಕು? ಅಷ್ಟು ಒಳ್ಳೆ ಹೆಸರಿದ್ದ ಮನುಷ್ಯ 2012ರಲ್ಲಿ ಸ್ವಂತ ಕ್ಷೇತ್ರದಲ್ಲೇ ಸೋತದ್ದು ಹೇಗೆ? ವಿಷಯ ತಿಳಿದವರು ವಿವರವಾಗಿ ಬರೀರಿ. ಬರೀ "ಪ್ರಾಮಾಣಿಕ ಮನುಷ್ಯ" ಅಂತ ಬರೆದು ಹೋಗಬೇಡಿ.

ಹಳೇ ಗೆಜೆಟ್
ಮೊದಲು ಬುನಾದಿ ಸರಿ ಮಾಡ್ಕೊಳ್ಳೋಣ. ಹುಟ್ಟಿದ್ದು 1934ರ ಅಕ್ಟೋಬರ್ 1, ಡೆಹ್ರಾಡೂನ್. ಸೇನೆಯ ಎಂಜಿನಿಯರ್ ದಳದಲ್ಲಿ 1954ರಿಂದ 1990ರವರೆಗೆ ಸೇವೆ. ನಿವೃತ್ತಿಯಾದ ಮರುವರ್ಷವೇ, 1991ರಲ್ಲಿ, ಗಢವಾಲ್ ಕ್ಷೇತ್ರದಿಂದ ಬಿಜೆಪಿ ಸಂಸದ. 1996ರಲ್ಲಿ ಸತ್ಪಾಲ್ ಮಹಾರಾಜ್ ಎದುರು ಸೋಲು. 1998, 1999, 2004ರಲ್ಲಿ ಮತ್ತೆ ಗೆಲುವು. ಕೊನೆಯ ಗೆಲುವು 2014ರಲ್ಲಿ.

ಶ್ರೇಯಸ್ಸಿನ ಪ್ರಶ್ನೆಗೆ ತಾರೀಖುಗಳೇ ಉತ್ತರ. ಚತುಷ್ಕೋನಕ್ಕೆ ಶಂಕುಸ್ಥಾಪನೆ 1999ರ ಜನವರಿ 6. ಖಂಡೂರಿ ಖಾತೆಗೆ ಬಂದದ್ದು 2000ದ ನವೆಂಬರ್‌ನಲ್ಲಿ, ಸ್ವತಂತ್ರ ನಿರ್ವಹಣೆಯ ರಾಜ್ಯ ಸಚಿವರಾಗಿ. ಸಂಪುಟ ದರ್ಜೆ ಸಿಕ್ಕಿದ್ದು 2003ರಲ್ಲಿ. ಅಂದ್ರೆ ಕನಸು ಅವರದ್ದಲ್ಲ, ಆದರೆ ಕಾಗದದ ಮೇಲಿದ್ದದ್ದನ್ನ ನೆಲಕ್ಕಿಳಿಸಿದ ವರ್ಷಗಳು ಅವರವು. ಮೊದಲ ಹಂತಕ್ಕೆ 30,300 ಕೋಟಿ ರೂಪಾಯಿಯ ಮಂಜೂರಾತಿ ಸಿಕ್ಕಿದ್ದೇ 2000ದ ಡಿಸೆಂಬರ್‌ನಲ್ಲಿ, ಅವರು ಕುರ್ಚಿಯಲ್ಲಿ ಕೂತ ಮರುತಿಂಗಳು.

ತುಂಗೆ ತಟ
ಹಳ್ಳಿಹಳ್ಳಿಗೂ ಡಾಂಬರು ರಸ್ತೆ ತಂದವರೂ ಇವರೇ ಅಲ್ವಾ, ಗ್ರಾಮ ಸಡಕ್ ಯೋಜನೆ?

ಹಳೇ ಗೆಜೆಟ್
ಅಲ್ಲ. ಗ್ರಾಮ ಸಡಕ್ ಶುರುವಾದದ್ದು 2000ದ ಡಿಸೆಂಬರ್ 25ಕ್ಕೆ, ಅದು ಗ್ರಾಮೀಣಾಭಿವೃದ್ಧಿ ಸಚಿವಾಲಯದ್ದು. ಎರಡಕ್ಕೂ ದುಡ್ಡು ಬರ್ತಿದ್ದ ಹುಂಡಿ ಮಾತ್ರ ಒಂದೇ, ಅದಕ್ಕೇ ಜನ ಕಲಸಿಕೊಳ್ಳೋದು.

ಸರ್ವೆ ಚೈನು
ಆ ಹುಂಡಿಯ ವಿಷಯ ಬಿಡಿಸಿ ಹೇಳ್ಬೇಕು, ಯಾಕಂದ್ರೆ ಇಡೀ ಯೋಜನೆ ನಿಂತದ್ದೇ ಅದರ ಮೇಲೆ. ಪೆಟ್ರೋಲು, ಡೀಸೆಲ್ ಮೇಲೆ ಲೀಟರಿಗೆ ಒಂದು ರೂಪಾಯಿ ಸೆಸ್, 2003ರಲ್ಲಿ ಒಂದೂವರೆ ರೂಪಾಯಿ. ಕೇಂದ್ರ ರಸ್ತೆ ನಿಧಿ ಕಾಯ್ದೆ 2000 ಆ ದುಡ್ಡನ್ನ ಹೀಗೆ ಪಾಲು ಮಾಡ್ತು: ಡೀಸೆಲ್ ಸೆಸ್‌ನಲ್ಲಿ ಅರ್ಧ ಗ್ರಾಮೀಣ ರಸ್ತೆಗೆ. ಉಳಿದ ಅರ್ಧ ಮತ್ತು ಪೆಟ್ರೋಲಿನ ಪೂರ್ತಿ ಸೆಸ್ ಸೇರಿಸಿ, ಅದರಲ್ಲಿ ಶೇ 57.5 ರಾಷ್ಟ್ರೀಯ ಹೆದ್ದಾರಿಗೆ, ಶೇ 30 ರಾಜ್ಯದ ರಸ್ತೆಗಳಿಗೆ, ಶೇ 12.5 ರೈಲ್ವೆ ಮೇಲ್ಸೇತುವೆ, ಕೆಳಸೇತುವೆ ಮತ್ತು ಗೇಟಿನ ಸುರಕ್ಷತೆಗೆ.

ಕಾಯ್ದೆಯೇ ಪಾಲು ನಿಗದಿ ಮಾಡಿದ್ದರಿಂದ ಹೆದ್ದಾರಿ ಪ್ರಾಧಿಕಾರಕ್ಕೆ ಮುಂದಿನ ವರ್ಷ ಎಷ್ಟು ಬರುತ್ತೆ ಅನ್ನೋ ಅಂದಾಜು ಸಿಗ್ತಿತ್ತು. ಆ ಆದಾಯ ತೋರಿಸಿ ಸಾಲ ಎತ್ತಬಹುದಿತ್ತು. ರಸ್ತೆ ಕೆಲಸ ನಿಲ್ಲೋದು ಜಲ್ಲಿ ಇಲ್ಲದೆ ಅಲ್ಲ, ಬಿಲ್ ಪಾಸಾಗದೆ. ಗುತ್ತಿಗೆದಾರನಿಗೆ ದುಡ್ಡು ತಿರುಗದಿದ್ರೆ ಮೊದಲು ಡೀಸೆಲ್ ನಿಲ್ಲುತ್ತೆ, ಆಮೇಲೆ ಟಿಪ್ಪರ್ ನಿಲ್ಲುತ್ತೆ, ಆಮೇಲೆ ಸಬ್ ಕಂಟ್ರಾಕ್ಟರ್ ಗಂಟುಮೂಟೆ ಕಟ್ಟುತ್ತಾನೆ.

ಪದಕಪಟ್ಟಿ
ಎ.ವಿ.ಎಸ್.ಎಂ. ಅಂತ ಹೆಸರಿನ ಮುಂದೆ ನೋಡಿದ ಕೂಡಲೇ "ಯುದ್ಧವೀರ" ಅಂತ ಬರೆಯೋದು ಇಲ್ಲಿ ಅಭ್ಯಾಸ ಆಗಿದೆ. ಅತಿ ವಿಶಿಷ್ಟ ಸೇವಾ ಪದಕ ಶೌರ್ಯಕ್ಕೆ ಕೊಡೋದಲ್ಲ, ಅಸಾಧಾರಣ ಮಟ್ಟದ ಸೇವೆಗೆ ಕೊಡೋದು. ಪರಮವೀರ, ಮಹಾವೀರ, ವೀರ ಚಕ್ರಗಳ ಸಾಲೇ ಬೇರೆ. ಸೇವಾ ಪದಕದಲ್ಲಿ ಮೂರು ಮೆಟ್ಟಿಲು: ಪರಮ ವಿಶಿಷ್ಟ, ಅತಿ ವಿಶಿಷ್ಟ, ವಿಶಿಷ್ಟ. 1960ರಲ್ಲಿ ಶುರುವಾದಾಗ ಒಂದು, ಎರಡು, ಮೂರನೇ ದರ್ಜೆ ಅಂತಿತ್ತು, 1967ರಲ್ಲಿ ಈಗಿನ ಹೆಸರು ಬಂತು.

ಹಳೇ ಫೋಟೋದಲ್ಲಿ ಗುರುತು ಹಿಡಿಯೋದು ಸುಲಭ. ಎದೆ ಮೇಲಿನ ಹೊನ್ನ ಬಣ್ಣದ ಪಟ್ಟಿಯಲ್ಲಿ ಕಡುನೀಲಿ ಗೆರೆ ಒಂದಿದ್ರೆ ಪರಮ, ಎರಡಿದ್ರೆ ಅತಿ, ಮೂರಿದ್ರೆ ವಿಶಿಷ್ಟ. ಗೆರೆ ಜಾಸ್ತಿ ಇದ್ದಷ್ಟೂ ದರ್ಜೆ ಕಡಿಮೆ, ಇಲ್ಲೇ ಎಲ್ಲರೂ ಉಲ್ಟಾ ಓದೋದು.

ಬಯಲುಸೀಮೆ
ಹಾಗಾದ್ರೆ ಅವರನ್ನ "ಪದಕ ಪಡೆದ ಅಧಿಕಾರಿ" ಅನ್ನೋದೇ ಉತ್ಪ್ರೇಕ್ಷೆ ಅಂತೀರಾ?

ಪದಕಪಟ್ಟಿ
ಖಂಡಿತ ಅಲ್ಲ ಸರ್. ಎಂಜಿನಿಯರ್ ದಳದ ಕೆಲಸ ತಿಳಿದವರು ಹಾಗೆ ಹೇಳಲ್ಲ. ಮೈನ್ ತೆಗೆದು ದಾರಿ ಬಿಡಿಸೋದು, ನದಿಗೆ ಸೇತುವೆ ಹಾಕೋದು, ಮುಂದೆ ಟ್ಯಾಂಕ್ ಹೋಗೋ ಹಾಗೆ ನೆಲ ಗಟ್ಟಿ ಮಾಡೋದು, ಎಲ್ಲ ಇವರದ್ದೇ. ನಮ್ಮ ಬೆಂಗಳೂರಿನ ಹಲಸೂರು ಕೆರೆ ಪಕ್ಕದ ಮದ್ರಾಸ್ ಸ್ಯಾಪರ್ಸ್ ಇದೇ ದಳದ ಮೂರು ಗುಂಪುಗಳಲ್ಲಿ ಒಂದು. ಉಳಿದೆರಡು ರೂರ್ಕಿ, ಖಡ್ಕಿಯಲ್ಲಿವೆ.

ಬೇಯ್ಲಿ ಸೇತುವೆಯನ್ನೇ ತಗೊಳ್ಳಿ. ಒಂದು ಪ್ಯಾನೆಲ್ 10 ಅಡಿ ಉದ್ದ, ಸುಮಾರು 260 ಕೆ.ಜಿ. ತೂಕ. ಆರು ಜನ ಕೈಯಲ್ಲೇ ಎತ್ತಿಕೊಂಡು ಹೋಗ್ತಾರೆ, ಕ್ರೇನ್ ಬೇಡ. ಪ್ಯಾನೆಲ್‌ಗೆ ಪ್ಯಾನೆಲ್ ಪಿನ್ ಹಾಕಿ ಜೋಡಿಸ್ತಾ, ರೋಲರ್ ಮೇಲೆ ಇಡೀ ಸೇತುವೆಯನ್ನ ಆಚೆ ದಡಕ್ಕೆ ತಳ್ಳೋದು. ಮುಂದೆ ಹಗುರವಾದ ಮೂಗು ಕಟ್ಟಿರ್ತಾರೆ, ಭಾರ ಹಿಂದೆ ಇರಬೇಕು. ಲೆಕ್ಕ ತಪ್ಪಿದ್ರೆ ಅರ್ಧ ದಾರಿಯಲ್ಲೇ ಮೂಗು ಮುಗ್ಗರಿಸಿ ಇಡೀ ಸೇತುವೆ ನದಿಗೆ ಬೀಳುತ್ತೆ. ಯಾವ ತುಂಡು ಯಾವಾಗ, ಯಾರ ಕೈಗೆ ಬರಬೇಕು ಅನ್ನೋದನ್ನ ಮೂವತ್ತಾರು ವರ್ಷ ಯೋಚಿಸಿದ ತಲೆ ಹೆದ್ದಾರಿ ಖಾತೆಗೆ ಬಂತು.

ಹೆದ್ದಾರಿ ಹುಚ್ಚ
ಇದೇ ಬೇಕಿದ್ದದ್ದು. ಹಾಗಾದ್ರೆ ಖಾತೆಯಲ್ಲಿ ಅದು ಎಲ್ಲಿ ಕಾಣಿಸ್ತು?

ಸರ್ವೆ ಚೈನು
ಚತುಷ್ಕೋನ ಒಟ್ಟು 5,846 ಕಿ.ಮೀ. ಚೆನ್ನೈ–ಮುಂಬೈ ಭುಜ 1,290, ಮುಂಬೈ–ದೆಹಲಿ 1,419, ದೆಹಲಿ–ಕೋಲ್ಕತ್ತ 1,453, ಕೋಲ್ಕತ್ತ–ಚೆನ್ನೈ 1,684. ಕರ್ನಾಟಕದ ಪಾಲು 623 ಕಿ.ಮೀ. ಇಷ್ಟನ್ನೂ ಒಬ್ಬನಿಗೆ ಕೊಡೋಕಾಗಲ್ಲ. ತುಂಡು ಮಾಡಿ ಹಂಚಿದ್ರು. ಬಹುಪಾಲು ಸರ್ಕಾರವೇ ದುಡ್ಡು ಕೊಟ್ಟು ಅಳತೆ ಪ್ರಕಾರ ಬಿಲ್ ಕೊಡೋ ಗುತ್ತಿಗೆ. ಕೆಲವು ಕಡೆ ಬಿಒಟಿ, ಅಂದ್ರೆ ಗುತ್ತಿಗೆದಾರನೇ ಕಟ್ಟಿ, ಕರಾರು ಮುಗಿಯೋವರೆಗೆ ಟೋಲ್ ವಸೂಲಿ ಮಾಡಿ, ಆಮೇಲೆ ರಸ್ತೆ ವಾಪಸ್ ಕೊಡೋದು. ಇನ್ನು ಕೆಲವು ಆನ್ಯುಟಿ, ಅಂದ್ರೆ ಗುತ್ತಿಗೆದಾರ ಸ್ವಂತ ದುಡ್ಡಲ್ಲಿ ಕಟ್ಟಿ, ಸರ್ಕಾರದಿಂದ ವರ್ಷಕ್ಕೆ ಎರಡು ಕಂತು ತಗೊಳ್ಳೋದು. ಮಹಾರಾಷ್ಟ್ರ ಗಡಿಯಿಂದ ಬೆಳಗಾವಿವರೆಗಿನ 77 ಕಿ.ಮೀ. ಆನ್ಯುಟಿ ಲೆಕ್ಕದಲ್ಲೇ ಆದದ್ದು.

ಕೆಲಸ ತಡವಾಗೋದು ಮುಖ್ಯವಾಗಿ ಭೂಸ್ವಾಧೀನದಲ್ಲಿ. 1956ರ ಹೆದ್ದಾರಿ ಕಾಯ್ದೆಗೆ 1997ರಲ್ಲಿ ತಿದ್ದುಪಡಿ ಬಂದು ದಾರಿ ಸಲೀಸಾಗಿತ್ತು. ಇಂಥ ಜಮೀನು ಬೇಕು ಅಂತ ಹೇಳೋ 3ಎ ಕಲಮಿನ ಅಧಿಸೂಚನೆ ಬಂದ 21 ದಿನದೊಳಗೆ 3ಸಿ ಪ್ರಕಾರ ತಕರಾರು ಅರ್ಜಿ. ಅದನ್ನ ಕೇಳಿ ಮುಗಿಸಿ 3ಡಿ ಘೋಷಣೆ ಹೊರಟ ಕ್ಷಣ ಜಮೀನು ಕೇಂದ್ರದ್ದಾಗುತ್ತೆ. 3ಜಿಯಲ್ಲಿ ಪರಿಹಾರ ನಿಗದಿ. ಮುಖ್ಯ ಸಂಗತಿ ಏನಂದ್ರೆ, 3ಎ ಆದ ಒಂದು ವರ್ಷದೊಳಗೆ 3ಡಿ ಆಗದಿದ್ರೆ ಮೊದಲ ಅಧಿಸೂಚನೆ ಸತ್ತುಹೋಗುತ್ತೆ, ಮತ್ತೆ ಒಂದರಿಂದ ಶುರು. ಸರ್ವೆ ನಂಬರ್ ಪೋಡಿ ಆಗಿರಲ್ಲ, ಪಹಣಿಯಲ್ಲಿ ಅಜ್ಜನ ಹೆಸರೇ ಇರುತ್ತೆ, ನೋಟಿಸು ಯಾರಿಗೆ ಕೊಡಬೇಕು ಅನ್ನೋದ್ರಲ್ಲೇ ವರ್ಷ ಕಳೆಯುತ್ತೆ. ಇದರ ಜೊತೆ ವಿದ್ಯುತ್ ಕಂಬ, ನೀರಿನ ಪೈಪು, ಮರ ಕಡಿಯೋ ಅನುಮತಿ, ರೈಲ್ವೆ ಮೇಲ್ಸೇತುವೆಯ ನಕ್ಷೆ. ಒಂದೊಂದಕ್ಕೂ ಬೇರೆ ಇಲಾಖೆ. ಇವನ್ನೆಲ್ಲ ಒಂದೇ ಪಟ್ಟಿಗೆ ತಂದು, ಯಾವ ತುಂಡು ಯಾಕೆ ನಿಂತಿದೆ ಅಂತ ಬೆನ್ನು ಹತ್ತೋದೇ ಸಚಿವನ ನಿಜವಾದ ಕೆಲಸ. ಖಂಡೂರಿಯವರ ಹೆಚ್ಚುಗಾರಿಕೆ ಅಲ್ಲೇ ಇತ್ತು ಅನ್ನೋದು ನನ್ನ ಖಚಿತ ಅಭಿಪ್ರಾಯ.

ಧಾರವಾಡ ಕಡಿಯಾಂವ
ಎಲ್ಲಾ ಖರೆ ಐತಿ, ಆದ್ರ ಹುಬ್ಬಳ್ಳಿ–ಧಾರವಾಡ ಬೈಪಾಸ್ ಬಗ್ಗೆ ಯಾರೂ ಮಾತಾಡವಲ್ಲರಿ? ಹಿಂದ ಮುಂದ ನಾಕು ಲೇನ್, ನಡುವ ಮೂವತ್ತು ಕಿಲೋಮೀಟರ್ ಎರಡ ಲೇನ್ ಇತ್ತು. ಅದು ಚತುಷ್ಕೋನಕ್ಕಿಂತ ಮೊದಲ ಬಿಒಟಿ ಮ್ಯಾಲೆ ಬ್ಯಾರೆ ಕೊಟ್ಟಿದ್ದು. ಕರಾರು ಮುಗಿಯುತನಕ ಯಾರೂ ಮುಟ್ಟಾಕ ಬರಂಗಿಲ್ಲ ಅಂತ ಹಂಗ ಉಳೀತು. ನಾಕು ಲೇನಿನ ವೇಗದಾಗ ಬಂದ ಗಾಡಿ ಒಮ್ಮೆಲೆ ಎರಡ ಲೇನಿಗೆ ಬಂದು ಓವರ್‌ಟೇಕ್ ಮಾಡಾಕ ಹೋದ್ರ ಎದುರಿಂದ ಲಾರಿ. 2021ರ ಜನವರಿಯೊಳಗ ಇಟಿಗಟ್ಟಿ ಹತ್ರ ದಾವಣಗೆರೆ ಹೆಣ್ಮಕ್ಕಳು ಹೋದ್ರಲ್ಲ, ಅದ ರಸ್ತೆ. ಚಲೋ ಸಚಿವ ಇದ್ರ ಸಾಲಂಗಿಲ್ಲ, ಕರಾರು ಬರೆಯುವಾಗ "ಇಷ್ಟು ಗಾಡಿ ದಾಟಿದ್ರ ಅಗಲ ಮಾಡಬೇಕು" ಅಂತ ಬಿಗಿ ಷರತ್ತು ಇರಬೇಕು.

ಸರ್ವೆ ಚೈನು
ಅಣ್ಣಾ, ಆ ಮಾತು ನೂರಕ್ಕೆ ನೂರು ಒಪ್ತೀನಿ. ಬಿಒಟಿ ಕರಾರಿನಲ್ಲಿ ವಾಹನ ಸಂಖ್ಯೆಗೆ ತಕ್ಕ ವಿಸ್ತರಣೆಯ ಷರತ್ತು ಸಡಿಲವಾಗಿದ್ರೆ ಮುಂದೆ ಬಂದ ಯಾವ ಸಚಿವನ ಕೈಯೂ ಕಟ್ಟಿದ ಹಾಗೆ.

ಎರೆ ಹೊಲ
ಹಾವೇರಿ–ಹರಿಹರ–ಚಿತ್ರದುರ್ಗ ಭಾಗ ವರ್ಷಗಟ್ಟಲೆ ಕುಂಟಿದ್ದೂ ನೆನಪಿರಲಿ. ಈ ಕಡೆ ಎರೆಮಣ್ಣು ಸಿಕ್ಕಲ್ಲೆಲ್ಲ ಅದರ ಕಾಟ ಬೇರೆ. ಮಳೆಗೆ ಉಬ್ಬುತ್ತೆ, ಬೇಸಿಗೆಗೆ ಬಿರಿಯುತ್ತೆ. ಉಬ್ಬುವ ಸೂಚ್ಯಂಕ ಶೇ 50 ದಾಟಿದ ಮಣ್ಣನ್ನ ಏರಿಗೆ ಹಾಕಲೇಬಾರದು. ಮೇಲಿನ 500 ಮಿ.ಮೀ.ಗೆ ಹೊರಗಿಂದ ಒಳ್ಳೆ ಗರಸು ತಂದು, ಪದರ ಪದರವಾಗಿ ನೀರು ಹಾಕಿ, ರೋಲರ್ ಹೊಡೆದು, ಶೇ 97 ಸಾಂದ್ರತೆ ಬಂದ ಮೇಲೆ ಮುಂದಿನ ಪದರ. ಅದರ ಮೇಲೆ ಜಲ್ಲಿ, ಆಮೇಲೆ ಡಾಂಬರು. ಗಡಿಬಿಡಿಯಲ್ಲಿ ಹೊಲದ ಪಕ್ಕದ ಮಣ್ಣನ್ನೇ ಕೆರೆದು ಹಾಕಿದ್ರೆ ಎರಡು ಮಳೆಗಾಲಕ್ಕೆ ರಸ್ತೆ ಅಂಚಿನುದ್ದಕ್ಕೂ ಉದ್ದ ಬಿರುಕು ಬೀಳುತ್ತೆ. ಅದಕ್ಕೆ ಮೇಲಿಂದ ಎಷ್ಟು ಡಾಂಬರು ಸುರಿದರೂ ಪ್ರಯೋಜನ ಇಲ್ಲ, ರೋಗ ಕೆಳಗಿದೆ.

ಬಯಲುಸೀಮೆ
ಎಲ್ಲರೂ ಹೊಗಳ್ತಿದ್ದೀರಿ. ಸತ್ಯೇಂದ್ರ ದುಬೆ ಹೆಸರು ಯಾರ ಬಾಯಲ್ಲೂ ಬರ್ಲಿಲ್ಲ. ಇದೇ ಯೋಜನೆಯ ಎಂಜಿನಿಯರ್, 2003ರ ನವೆಂಬರ್ 27ಕ್ಕೆ ಗಯಾದಲ್ಲಿ ಕೊಲೆ. ಗುತ್ತಿಗೆದಾರರು ಕೆಲಸವನ್ನ ಸಣ್ಣಪುಟ್ಟವರಿಗೆ ಮಾರಿಕೊಳ್ತಿದ್ದಾರೆ ಅಂತ ಪ್ರಧಾನಿ ಕಚೇರಿಗೆ ಪತ್ರ ಬರೆದು, ಹೆಸರು ಗುಟ್ಟಾಗಿಡಿ ಅಂತ ಕೇಳಿಕೊಂಡಿದ್ರು. ಪತ್ರ ಹೆಸರಿನ ಸಮೇತ ಟೇಬಲ್‌ನಿಂದ ಟೇಬಲ್‌ಗೆ ಓಡಾಡಿತು. ಶಿಸ್ತಿನ ಸಚಿವರ ಖಾತೆಯಲ್ಲೇ ಇದಾದದ್ದು.

ಹಳೇ ಗೆಜೆಟ್
ಬರಲೇಬೇಕಾದ ಮಾತು. 2010ರಲ್ಲಿ ನ್ಯಾಯಾಲಯ ಮೂವರಿಗೆ ಜೀವಾವಧಿ ವಿಧಿಸಿತು. ದರೋಡೆ ಮಾಡೋಕೆ ಹೋಗಿ ಕೊಂದರು ಅನ್ನೋದು ಸಿಬಿಐ ವಾದ, ಕುಟುಂಬದವರು ಅದನ್ನ ಒಪ್ಪಲಿಲ್ಲ. ಪತ್ರ ಸೋರಿದ್ದಂತೂ ಆಡಳಿತದ ದೊಡ್ಡ ಅಪರಾಧ. ಅದರ ನಂತರವೇ 2004ರ ಏಪ್ರಿಲ್‌ನಲ್ಲಿ ದೂರುದಾರರ ಹೆಸರು ಗುಟ್ಟಾಗಿಡುವ ಹೊಣೆ ಕೇಂದ್ರ ಜಾಗೃತ ಆಯೋಗಕ್ಕೆ ಬಂತು. 2014ರಲ್ಲಿ ಕಾಯ್ದೆಯೂ ಆಯಿತು. ಆಯೋಗಕ್ಕೆ ಆ ಹೊಣೆ ಬಂದ ಮರುವರ್ಷವೇ, 2005ರಲ್ಲಿ, ನಮ್ಮ ಕೋಲಾರದ ಹುಡುಗ ಮಂಜುನಾಥ್ ಷಣ್ಮುಗಂ ಕಲಬೆರಕೆ ಪೆಟ್ರೋಲು ಹಿಡಿದದ್ದಕ್ಕೆ ಲಖೀಂಪುರ ಖೇರಿಯಲ್ಲಿ ಪ್ರಾಣ ಕಳೆದುಕೊಂಡದ್ದು.

ತುಂಗೆ ತಟ
ಒಂದು ಪದರ ಕೆಳಗೆ ಗುತ್ತಿಗೆ, ಅದರ ಕೆಳಗೆ ಇನ್ನೊಂದು ಗುತ್ತಿಗೆ. ಸೇನೆಯಲ್ಲಿ ಆದೇಶ ಕೊಟ್ರೆ ಕೊನೇ ಸಿಪಾಯಿವರೆಗೆ ಹೆಸರು ಗೊತ್ತಿರುತ್ತೆ. ಇಲ್ಲಿ ರೋಲರ್ ಓಡಿಸೋನು ಯಾರ ಕಡೆಯವನು ಅಂತ ಸಚಿವನಿಗಿರಲಿ, ಪ್ರಾಜೆಕ್ಟ್ ಡೈರೆಕ್ಟರ್‌ಗೇ ಗೊತ್ತಿರಲ್ಲ.

ಮತಗಟ್ಟೆ
ಈಗ ಎರಡನೇ ಪ್ರಶ್ನೆಗೆ ಬರ್ತೀನಿ, 2012.

2007ರ ಮಾರ್ಚ್‌ನಲ್ಲಿ ಮುಖ್ಯಮಂತ್ರಿ ಆದಾಗ ಖಂಡೂರಿ ಲೋಕಸಭೆ ಸದಸ್ಯ. ಆರು ತಿಂಗಳೊಳಗೆ ಶಾಸಕ ಆಗ್ಬೇಕು. ಆಗ ಧುಮಾಕೋಟ್ ಸೀಟು ಬಿಟ್ಟುಕೊಟ್ಟವರು ಕಾಂಗ್ರೆಸ್ ಶಾಸಕ ಲೆಫ್ಟಿನೆಂಟ್ ಜನರಲ್ ಟಿ.ಪಿ.ಎಸ್. ರಾವತ್. ಹುದ್ದೆಯಲ್ಲಿ ಇವರಿಗಿಂತ ಮೇಲು, ಪದಕ ಪಿ.ವಿ.ಎಸ್.ಎಂ., 2004ರಲ್ಲಿ ಇದೇ ಖಂಡೂರಿ ಎದುರು ಸೋತವರು. ಆಮೇಲೆ ರಾವತ್ ಬಿಜೆಪಿ ಸೇರಿ 2008ರ ಉಪಚುನಾವಣೆಯಲ್ಲಿ ಖಂಡೂರಿ ತೆರವು ಮಾಡಿದ ಗಢವಾಲ್ ಲೋಕಸಭಾ ಸೀಟು ಗೆದ್ದರು. ಇಬ್ಬರು ಜನರಲ್‌ಗಳು ಸೀಟು ಅದಲುಬದಲು ಮಾಡ್ಕೊಂಡ ಹಾಗಾಯ್ತು.

2009ರಲ್ಲಿ ರಾಜ್ಯದ ಐದಕ್ಕೆ ಐದೂ ಲೋಕಸಭಾ ಸೀಟು ಬಿಜೆಪಿ ಕೈತಪ್ಪಿ ಹೋದವು, ಖಂಡೂರಿ ಕೆಳಗಿಳಿದರು, ಅದೇ ಪಕ್ಷದ ರಮೇಶ್ ಪೋಖ್ರಿಯಾಲ್ ನಿಶಂಕ್ ಮುಖ್ಯಮಂತ್ರಿಯಾಗಿ ಬಂದರು. ಚುನಾವಣೆಗೆ ಐದು ತಿಂಗಳೂ ಇಲ್ಲದಾಗ, 2011ರ ಸೆಪ್ಟೆಂಬರ್‌ನಲ್ಲಿ, ಮತ್ತೆ ಇವರನ್ನೇ ಕರೆದರು. ಅಷ್ಟರಲ್ಲಿ ಕ್ಷೇತ್ರ ಮರುವಿಂಗಡಣೆಯಲ್ಲಿ ಧುಮಾಕೋಟ್ ಅನ್ನೋ ಕ್ಷೇತ್ರವೇ ಇಲ್ಲ. ಕೋಟ್‌ದ್ವಾರಕ್ಕೆ ಹೋದರು. ಎದುರಿಗೆ ಸ್ಥಳೀಯ ಕಾಂಗ್ರೆಸ್ಸಿಗ ಸುರೇಂದ್ರ ಸಿಂಗ್ ನೇಗಿ. "ಖಂಡೂರಿ ಹೈ ಜರೂರಿ" (ಖಂಡೂರಿ ಬೇಕೇ ಬೇಕು) ಅಂತ ರಾಜ್ಯವಿಡೀ ಘೋಷಣೆ, ಆದರೆ ನಾಲ್ಕೂವರೆ ಸಾವಿರಕ್ಕೂ ಹೆಚ್ಚು ಮತಗಳಿಂದ ಇವರೇ ಸೋಲು. ಬಿಜೆಪಿಗೆ 31, ಕಾಂಗ್ರೆಸ್‌ಗೆ 32. ಒಂದೇ ಸೀಟಿನ ಅಂತರ.

ಹೆದ್ದಾರಿ ಹುಚ್ಚ
ಅಂದ್ರೆ ಅವರು ಗೆದ್ದಿದ್ರೆ ಲೆಕ್ಕ ತಿರುಗ್ತಿತ್ತು!

ಮತಗಟ್ಟೆ
ಹೌದು, ಅದೊಂದೇ ಸೀಟು ಬಂದಿದ್ರೆ 32–31. ಮುಖ್ಯಮಂತ್ರಿ ಇಡೀ ರಾಜ್ಯ ಸುತ್ತುವಾಗ ಸ್ವಂತ ಕ್ಷೇತ್ರದ ಬೂತ್ ಏಜೆಂಟರನ್ನ ಯಾರು ನೋಡ್ಕೊಳ್ಳೋದು? ಹೊಸ ಕ್ಷೇತ್ರದಲ್ಲಿ ಸ್ವಂತ ಜಾಲ ಇರಲಿಲ್ಲ, ಪಕ್ಷದೊಳಗೇ ಎಲ್ಲರೂ ಮನಸಿಟ್ಟು ದುಡಿಯಲಿಲ್ಲ ಅನ್ನೋ ಮಾತು ಆಗಲೇ ಜೋರಾಗಿತ್ತು. ಸೇನೆಯಲ್ಲಿ ಕೆಳಗಿನವರು ಆದೇಶಕ್ಕೆ ಕೆಲಸ ಮಾಡ್ತಾರೆ. ಪಕ್ಷದಲ್ಲಿ ವರ್ಷವಿಡೀ ಮಾತಾಡಿಸ್ತಾ ಇರಬೇಕು, ಮದುವೆ ಮುಂಜಿಗೆ ಹೋಗ್ಬೇಕು. ಇವರು ಅಲ್ಲಿ ಬಿಗಿ. 2022ರಲ್ಲಿ ಅದೇ ಕೋಟ್‌ದ್ವಾರದಲ್ಲಿ ಅದೇ ನೇಗಿಯವರನ್ನ ಸೋಲಿಸಿದ್ದು ಅವರ ಮಗಳು ಋತು ಖಂಡೂರಿ, ಆಮೇಲೆ ಉತ್ತರಾಖಂಡ ವಿಧಾನಸಭೆಯ ಮೊದಲ ಮಹಿಳಾ ಸ್ಪೀಕರ್.

ಎರೆ ಹೊಲ
ಗಢವಾಲ್ ಅಂದ್ರೆ ಮನೆಗೊಬ್ಬ ಫೌಜಿ ಅಂತಾರೆ. ಆ ಓಟೆಲ್ಲ ಇವರಿಗೇ ಅಲ್ವಾ?

ಮತಗಟ್ಟೆ
ನಿವೃತ್ತರು ಊರಲ್ಲೇ ಓಟು ಹಾಕ್ತಾರೆ, ಸರಿ. ಸೇವೆಯಲ್ಲಿರೋರ ಓಟು ಆಗ ಅಂಚೆಯಲ್ಲಿ ಹೋಗಿ ಬರಬೇಕಿತ್ತು. ಗಡಿ ಠಾಣೆಗೆ ಮತಪತ್ರ ಮುಟ್ಟುವಷ್ಟರಲ್ಲಿ ಇಲ್ಲಿ ಎಣಿಕೆ ಮುಗಿದಿರ್ತಿತ್ತು. 2016ರ ನಂತರ ಮತಪತ್ರ ಆನ್‌ಲೈನಿನಲ್ಲಿ ಘಟಕಕ್ಕೆ ಹೋಗುತ್ತೆ, ಅಲ್ಲಿ ಪ್ರಿಂಟ್ ತೆಗೆದು ಗುರುತು ಹಾಕಿ ಅಂಚೆಯಲ್ಲಿ ವಾಪಸ್. ಒಂದು ದಿಕ್ಕಿನ ಸಮಯ ಉಳೀತು.

ಈಗಲೂ ತಿರಸ್ಕೃತ ಆಗೋದು ಎಲ್ಲಿ ಅಂದ್ರೆ ಲಕೋಟೆಯಲ್ಲಿ. ಗುರುತು ಹಾಕಿದ ಮತಪತ್ರ ಒಳಗಿನ 13ಬಿ ಲಕೋಟೆಗೆ. ಸಹಿ ಮಾಡಿದ 13ಎ ಘೋಷಣೆಯನ್ನ ಅದರೊಳಗೆ ಹಾಕಬಾರದು, ಅದೂ 13ಬಿಯೂ ಜೊತೆಯಾಗಿ ಹೊರಗಿನ 13ಸಿಗೆ ಹೋಗಬೇಕು. ಘೋಷಣೆ ಇಲ್ಲದಿದ್ರೆ, ಸಹಿ ಇಲ್ಲದಿದ್ರೆ, ಒಳ ಲಕೋಟೆ ತೆರೆಯೋದೇ ಇಲ್ಲ. ಎಣಿಕೆ ದಿನ ಬೆಳಗ್ಗೆ ಎಂಟರೊಳಗೆ ತಲುಪದಿದ್ರೂ ಅಷ್ಟೇ. ಇನ್ನೊಂದು ದಾರಿ ಪ್ರಾಕ್ಸಿ: 13ಎಫ್ ನಮೂನೆಯಲ್ಲಿ ಊರಿನವರೊಬ್ಬರನ್ನ ನೇಮಿಸಬಹುದು. ಪ್ರಾಕ್ಸಿಗೆ ಶಾಯಿ ಹಚ್ಚೋದು ಎಡಗೈ ನಡುಬೆರಳಿಗೆ, ಯಾಕಂದ್ರೆ ಅವರ ಸ್ವಂತ ಓಟಿಗೆ ತೋರುಬೆರಳು ಬೇಕು. ಕೊಡಗಿನವರಿಗೂ ಇದು ಉಪಯೋಗ ಆಗೋ ಮಾಹಿತಿ.

ಬಯಲುಸೀಮೆ
ಮುಖ್ಯಮಂತ್ರಿಯಾಗಿ ಮಾಡಿದ್ದಾದ್ರೂ ಏನು? ಬಲಿಷ್ಠ ಲೋಕಾಯುಕ್ತ ತಂದರು ಅಂತ ದೇಶವಿಡೀ ಚಪ್ಪಾಳೆ ಬಿತ್ತು.

ಹಳೇ ಗೆಜೆಟ್
2011ರ ನವೆಂಬರ್‌ನಲ್ಲಿ ಮಸೂದೆ ಪಾಸಾಯ್ತು. ಮುಖ್ಯಮಂತ್ರಿಯನ್ನೂ ಒಳಗೆ ತಂದದ್ದು ಧೈರ್ಯದ ಕೆಲಸ. ಆದರೆ ಮುಖ್ಯಮಂತ್ರಿ, ಸಚಿವ, ಶಾಸಕರ ಮೇಲೆ ತನಿಖೆ ಶುರುವಾಗೋಕೆ ಲೋಕಾಯುಕ್ತದ ಅಷ್ಟೂ ಸದಸ್ಯರು ಒಮ್ಮತದಿಂದ ಒಪ್ಪಬೇಕು ಅನ್ನೋ ಷರತ್ತಿತ್ತು. ಒಬ್ಬ ಬೇಡ ಅಂದ್ರೆ ಮುಗೀತು. ಮುಂದಿನ ಸರ್ಕಾರ ಅದನ್ನ ಬದಿಗಿಟ್ಟು ಬೇರೆ ಕಾಯ್ದೆ ತಂತು. ಅದೇ 2011ರ ಜುಲೈನಲ್ಲಿ ಕರ್ನಾಟಕದ ಲೋಕಾಯುಕ್ತ ವರದಿಯಿಂದ ಇಲ್ಲಿ ಮುಖ್ಯಮಂತ್ರಿಯೇ ರಾಜೀನಾಮೆ ಕೊಟ್ಟದ್ದು. ನಮ್ಮ 1984ರ ಕಾಯ್ದೆ ಅಷ್ಟು ಕೆಲಸ ಮಾಡಿದ್ದು ಲೋಕಾಯುಕ್ತದ ಕೈಯಲ್ಲೇ ಪೊಲೀಸ್ ವಿಭಾಗ ಇದ್ದದ್ದರಿಂದ. 2016ರಲ್ಲಿ ಎಸಿಬಿ (ಭ್ರಷ್ಟಾಚಾರ ನಿಗ್ರಹ ದಳ) ಮಾಡಿ ಅದನ್ನ ಕಿತ್ತುಕೊಂಡಾಗ ಏನಾಯ್ತು ಅಂತ ಎಲ್ಲರೂ ನೋಡಿದ್ದೇವೆ. 2022ರ ಆಗಸ್ಟ್‌ನಲ್ಲಿ ಹೈಕೋರ್ಟ್ ಎಸಿಬಿ ರದ್ದು ಮಾಡಬೇಕಾಯ್ತು.

ಪದಕಪಟ್ಟಿ
ನನ್ನ ಲೆಕ್ಕದಲ್ಲಿ ಅವರ ಅತಿ ದೊಡ್ಡ ಕೆಲಸ ಹೆದ್ದಾರಿಯೂ ಅಲ್ಲ, ಲೋಕಾಯುಕ್ತವೂ ಅಲ್ಲ. 2014ರ ನಂತರ ಸಂಸತ್ತಿನ ರಕ್ಷಣಾ ಸ್ಥಾಯಿ ಸಮಿತಿಯ ಅಧ್ಯಕ್ಷರಾಗಿದ್ದರಲ್ಲ, ಆ ವರದಿಗಳು.

2018ರ ಮಾರ್ಚ್‌ನ ವರದಿ ನೋಡಿ. ಸೇನೆಯ ಉಪಮುಖ್ಯಸ್ಥರೇ ಸಮಿತಿ ಮುಂದೆ ಬಂದು ಹೇಳಿದ್ದು: ನಮ್ಮ ಸಲಕರಣೆಯಲ್ಲಿ ಶೇ 68 ಹಳೇ ಕಾಲದ್ದು, ಶೇ 24 ಈಗಿನದು, ಶೇ 8 ಮಾತ್ರ ಅತ್ಯಾಧುನಿಕ. ಮೂರೂ ಹೆಚ್ಚುಕಡಿಮೆ ಸಮ ಪಾಲಾಗಿರಬೇಕಿತ್ತು. ಆಧುನೀಕರಣಕ್ಕೆ ಕೊಟ್ಟದ್ದು 21,338 ಕೋಟಿ, ಈಗಾಗಲೇ ಸಹಿ ಹಾಕಿದ 125 ಯೋಜನೆಗಳ ಕಂತಿಗೇ ಬೇಕಿದ್ದದ್ದು 29,033 ಕೋಟಿ. ಅಂದ್ರೆ ಹೊಸದೇನೂ ಕೊಳ್ಳದೆ ಹಳೇ ಬಾಕಿ ತೀರಿಸೋಕೇ 7,695 ಕೋಟಿ ಕಮ್ಮಿ. ಆಡಳಿತ ಪಕ್ಷದ ಸಂಸದ ತನ್ನದೇ ಸರ್ಕಾರದ ಬಜೆಟ್ ಬಗ್ಗೆ ಇದನ್ನ ಮುಚ್ಚಿಡದೆ ಅಚ್ಚು ಹಾಕಿಸಿದರು. ಅದೇ ಸೆಪ್ಟೆಂಬರ್‌ನಲ್ಲಿ ಅಧ್ಯಕ್ಷ ಸ್ಥಾನ ಕಲ್‌ರಾಜ್ ಮಿಶ್ರಾ ಅವರಿಗೆ ಹೋಯ್ತು.

ತುಂಗೆ ತಟ
ವರದಿಗೂ ಬದಲಾವಣೆಗೂ ನಂಟು ಇತ್ತು ಅಂತ ಹೇಳೋಕೆ ಆಧಾರ ಬೇಕು. ಸಮಿತಿಗಳನ್ನ ಪ್ರತಿ ವರ್ಷ ಸೆಪ್ಟೆಂಬರ್ ಹೊತ್ತಿಗೆ ಹೊಸದಾಗಿ ರಚನೆ ಮಾಡ್ತಾರೆ, ವಯಸ್ಸೂ ಎಂಬತ್ತು ದಾಟಿತ್ತು.

ಪದಕಪಟ್ಟಿ
ನಂಟಿತ್ತು ಅಂತ ನಾನು ಬರೆದಿಲ್ಲ, ಮೇಲೆ ಓದಿ. 2019ರಲ್ಲಿ ಮಗ ಮನೀಶ್ ಕಾಂಗ್ರೆಸ್ ಸೇರಿ ಅದೇ ಗಢವಾಲ್‌ನಲ್ಲಿ ನಿಂತಾಗ ರಾಹುಲ್ ಗಾಂಧಿ ಆ ನಂಟನ್ನೇ ವೇದಿಕೆ ಮೇಲೆ ಹೇಳಿದ್ದು. ಸೀಟು ಮಾತ್ರ ತೀರಥ್ ಸಿಂಗ್ ರಾವತ್ ಗೆದ್ದರು. ನಾನು ಹೇಳೋದು ವರದಿಯ ಅಂಕಿಗಳ ಬಗ್ಗೆ. ಅವು ಯಾರೂ ಅಲ್ಲಗಳೆದಿಲ್ಲ.

ಧಾರವಾಡ ಕಡಿಯಾಂವ
ಒಂದು ಕೇಳ್ತೇನ್ರಿ. ಸೇವಾದಾಗ ಇದ್ದಾಗನ ಪಾರ್ಟಿ ಜೋಡಿ ಮಾತುಕತಿ ಮಾಡಿ, ರಿಟೈರ್ ಆದ ಮರುದಿನ ಟಿಕೆಟ್ ತಗೊಂಡ್ರ ತಪ್ಪಿಲ್ಲೇನು?

ಹಳೇ ಗೆಜೆಟ್
ಸೇವೆಯಲ್ಲಿದ್ದಾಗ ರಾಜಕೀಯ ಸಭೆಗೆ ಹೋಗೋದೂ ನಿಷಿದ್ಧ. 1950ರ ಸೇನಾ ಕಾಯ್ದೆಯ 21ನೇ ಕಲಂ, 1954ರ ನಿಯಮಗಳಲ್ಲಿ 20ನೇ ನಿಯಮ ಓದಿ. ಸಭೆ, ಮೆರವಣಿಗೆ, ಚಂದಾ ಕೊಡೋದು, ಯಾವುದಕ್ಕೂ ಆಸ್ಪದ ಇಲ್ಲ. ನಿವೃತ್ತಿಯ ನಂತರ ಖಾಸಗಿ ಕಂಪನಿ ಸೇರೋಕೆ ಒಂದು ವರ್ಷದೊಳಗಾದ್ರೆ ಅನುಮತಿ ಬೇಕು, ಪಕ್ಷ ಸೇರೋಕೆ ಅಂಥ ಕಾಯುವ ಅವಧಿ ಇಲ್ಲ.

ಬಯಲುಸೀಮೆ
ಅದನ್ನೇ ತರಬೇಕು ಅನ್ನೋದು ನನ್ನ ವಾದ. ಕಂಪನಿಗೆ ಒಂದು ವರ್ಷ ಅಂದ್ರೆ ಪಕ್ಷಕ್ಕೆ ಕನಿಷ್ಠ ಎರಡು ವರ್ಷ ಇರಲಿ.

ಮತಗಟ್ಟೆ
ಜನರಲ್‌ಗೆ ಬೇಕಾದ್ರೆ ತನ್ನಿ. ಹದಿನೇಳು ವರ್ಷ ಸೇವೆ ಮಾಡಿ ಮೂವತ್ತೈದಕ್ಕೆ ಊರಿಗೆ ಬಂದ ಹವಾಲ್ದಾರ್ ಗ್ರಾಮ ಪಂಚಾಯಿತಿಗೆ ನಿಲ್ಲೋಕೂ ಎರಡು ವರ್ಷ ಕಾಯಬೇಕಾ? ನಿಯಮ ಬರೆಯೋದಾದ್ರೆ ದರ್ಜೆ ನೋಡಿ ಬರೀರಿ.